ರೇಡಿಯೋದ ಗೇನ್ ಯಾರ ಕೈಯಲ್ಲಿರಬೇಕು?

ಆಂಟೆನಾಕ್ಕೆ ಬಂದು ತಾಗುವ ರೇಡಿಯೋ ಸಂಕೇತಗಳೆಲ್ಲ ಒಂದೇ ಬಲದವಲ್ಲ. ಹತ್ತಿರದ ಪ್ರಸಾರ ಕೇಂದ್ರದ ಸಂಕೇತಕ್ಕೂ ಸಮುದ್ರದಾಚೆಯ ಹವ್ಯಾಸಿಯೊಬ್ಬರ ಸಣ್ಣ ಟ್ರಾನ್ಸ್‌ಮಿಟರಿನ ಸಂಕೇತಕ್ಕೂ ನಡುವೆ 100 ಡೆಸಿಬೆಲ್ ಅಂತರವಿರುವುದು ಅಪರೂಪವೇನಲ್ಲ. ಡೆಸಿಬೆಲ್ ಎಂಬುದು ಅನುಪಾತವನ್ನು ಲಾಗರಿದಮ್ ಕ್ರಮದಲ್ಲಿ ಹೇಳುವ ಮಾನವಾದ್ದರಿಂದ ಇದು ಶಕ್ತಿಯ ಲೆಕ್ಕದಲ್ಲಿ ಸಾವಿರ ಕೋಟಿ ಪಟ್ಟಿನ ವ್ಯತ್ಯಾಸ. ಸಾಫ್ಟ್‌ವೇರ್ ಡಿಫೈನ್ಡ್ ರೇಡಿಯೋ, ಸಂಕ್ಷೇಪದಲ್ಲಿ ಎಸ್‌ಡಿಆರ್, ಎಂದು ಕರೆಯುವ ರಿಸೀವರಿನಲ್ಲಿ ಈ ಸಂಕೇತಗಳನ್ನು ಎಡಿಸಿ, ಎಂದರೆ ವೋಲ್ಟೇಜನ್ನು ಸಂಖ್ಯೆಯಾಗಿ ಬದಲಿಸುವ ಪರಿವರ್ತಕ, ಮೊದಲು ಅಂಕಿಗಳ ಸಾಲಾಗಿ ಮಾಡಿಕೊಡುತ್ತದೆ. ಕೇಂದ್ರವನ್ನು ಆರಿಸುವುದು, ಮಾತನ್ನು ಬಿಡಿಸಿ ತೆಗೆಯುವುದು ಮುಂತಾದ ಕೆಲಸಗಳು ಆಮೇಲೆ ಪ್ರೋಗ್ರಾಮಿನಲ್ಲಿ ನಡೆಯುತ್ತವೆ. ಎಡಿಸಿಯನ್ನು ತಲುಪುವ ಮೊದಲು ಸಂಕೇತವನ್ನು ಎಷ್ಟು ಹಿಗ್ಗಿಸಲಾಗಿದೆ ಎಂಬ ಅಳತೆಯೇ ಗೇನ್. ಸಂಕೇತದ ಬಲವನ್ನು ನೋಡಿಕೊಂಡು ಆ ಗೇನನ್ನು ರಿಸೀವರು ತಾನಾಗಿಯೇ ಏರಿಸಿ ಇಳಿಸುವ ಏರ್ಪಾಡಿಗೆ ಸ್ವಯಂಚಾಲಿತ ಗೇನ್ ನಿಯಂತ್ರಣ ಅಥವಾ ಎಜಿಸಿ ಎಂದು ಹೆಸರು.

ಎಡಿಸಿಗಳು ಸೂಕ್ಷ್ಮವಾಗುತ್ತ ಬಂದಂತೆ ಈ ಏರ್ಪಾಡು ಇನ್ನೂ ಬೇಕೇ, ಬೇಕಾದರೆ ಅದು ಸರ್ಕ್ಯೂಟಿನಲ್ಲಿರಬೇಕೇ ಅಥವಾ ಪ್ರೋಗ್ರಾಮಿನಲ್ಲಿರಬೇಕೇ ಎಂಬ ಪ್ರಶ್ನೆ ಎದ್ದಿದೆ. ಮುಂದಿನ ಸಂವಾದದಲ್ಲಿ ಮಾತನಾಡುವವರು ಇಬ್ಬರು: ರಿಸೀವರ್ ಸರ್ಕ್ಯೂಟುಗಳನ್ನು ಬಹುಕಾಲ ಕಲಿಸಿ ನಿವೃತ್ತರಾದ ಅಧ್ಯಾಪಕರು ಮತ್ತು ಅವರ ಬಳಿಯೇ ಕಲಿತು ಇಂದು ಸಂಕೇತ ಸಂಸ್ಕರಣೆಯ ಪ್ರೋಗ್ರಾಮುಗಳನ್ನು ಬರೆಯುವ ಎಂಜಿನಿಯರ್.

ಎಂಜಿನಿಯರ್: ಸರ್, ಎಡಿಸಿಯ ಮುಂದೆ ಎಜಿಸಿಯನ್ನು ಕೂರಿಸುವುದು ವಾಲ್ವ್ ರೇಡಿಯೋಗಳ ಕಾಲದಿಂದ ಉಳಿದುಬಂದ ರೂಢಿ ಎಂಬ ವಾದವನ್ನು ನೀವು ಒಪ್ಪಲಾರಿರಿ, ಆದರೂ ಅದಕ್ಕೆ ಬಲವಾದ ಕಾರಣವಿದೆ. ಗೇನನ್ನು ಒಮ್ಮೆ ಸರಿಯಾಗಿ ನಿಲ್ಲಿಸಿ, ಬಂದದ್ದನ್ನೆಲ್ಲ ಅಂಕಿಗಳಾಗಿ ಹಿಡಿದಿಟ್ಟುಕೊಂಡರೆ, ಯಾವುದನ್ನು ಎಷ್ಟು ಹಿಗ್ಗಿಸಬೇಕು ಎಂಬ ತೀರ್ಮಾನವನ್ನು ನಿಧಾನವಾಗಿ, ಬೇಕಾದರೆ ಹತ್ತು ಸಲ, ಬದಲಿಸಿ ನೋಡಬಹುದು. ಸರ್ಕ್ಯೂಟಿನಲ್ಲಿ ಆಗಿಹೋದ ತೀರ್ಮಾನವನ್ನು ಮಾತ್ರ ಮತ್ತೆ ಹಿಂದಕ್ಕೆ ತರಲಾಗುವುದಿಲ್ಲ.

ಅಧ್ಯಾಪಕರು: ರೂಢಿಯೆಂದು ತಳ್ಳಿಹಾಕುವ ಮೊದಲು ಅದು ಏಕೆ ಹುಟ್ಟಿತೆಂದು ನೋಡಬೇಕಮ್ಮ. 1920ರ ದಶಕದಲ್ಲಿ ರೇಡಿಯೋ ಕೇಳುವವರು ಒಂದು ಕೇಂದ್ರದಿಂದ ಇನ್ನೊಂದಕ್ಕೆ ಗುಂಡಿ ತಿರುಗಿಸುವಾಗ ಊರಿನ ಕೇಂದ್ರ ಎದುರಾದರೆ ಸ್ಪೀಕರು ಅಬ್ಬರಿಸುತ್ತಿತ್ತು. ರಾತ್ರಿ ಹೊತ್ತು ದೂರದ ಮಧ್ಯಮ ತರಂಗ ಕೇಂದ್ರವನ್ನು ಹಿಡಿದರೆ ಅಯಾನುಗೋಳದಿಂದ ಮರಳಿ ಬರುವ ಅಲೆಗಳು ಕ್ಷಣಕ್ಷಣಕ್ಕೂ ಹೆಚ್ಚು ಕಡಿಮೆಯಾಗುವುದರಿಂದ ಧ್ವನಿ ಉಬ್ಬುತ್ತ ಇಳಿಯುತ್ತ ಹೋಗುತ್ತಿತ್ತು. ಅಮೆರಿಕದ ಹೆರಾಲ್ಡ್ ವೀಲರ್ ಆ ದಶಕದ ಮಧ್ಯದಲ್ಲಿ ಡಯೋಡ್ ಡಿಟೆಕ್ಟರಿನಿಂದ ಬಂದ ವೋಲ್ಟೇಜನ್ನು ಹಿಂದಿನ ಹಂತಗಳಿಗೆ ಮರಳಿಸಿ ಗೇನನ್ನು ತಾನಾಗಿ ಹೊಂದಿಸುವ ಉಪಾಯ ಕಂಡುಹಿಡಿದರು. 1929ರ ಫಿಲ್ಕೋ 95 ಮಾದರಿಯಲ್ಲಿ ಅದು ಮನೆಗಳನ್ನು ತಲುಪಿತು. 1928ರಲ್ಲಿ ಜರ್ಮನಿಯ ಕಾರ್ಲ್ ಕ್ಯುಪ್ಫ್‌ಮುಲ್ಲರ್ ಇಂಥ ಏರ್ಪಾಡನ್ನು ಗಣಿತದ ಮೂಲಕ ವಿಶ್ಲೇಷಿಸಿ ಪ್ರಕಟಿಸಿದರು. ಕಿವಿಗೆ ಹಿತವಾಗಲೆಂಬುದು ಅದರ ಒಂದು ಉದ್ದೇಶ ಮಾತ್ರ. ಕೊನೆಯ ಹಂತಗಳು ತಮ್ಮ ಮಿತಿ ಮೀರಿ ಸಂಕೇತವನ್ನು ಕೆಡಿಸದಿರಲಿ ಎಂಬುದು ಇನ್ನೊಂದು. ಇಂದು ಆ ಕೊನೆಯ ಹಂತದ ಜಾಗದಲ್ಲಿ ಎಡಿಸಿ ಕುಳಿತಿದೆ, ಅಷ್ಟೇ ವ್ಯತ್ಯಾಸ.

ಎಂಜಿನಿಯರ್: ವ್ಯತ್ಯಾಸ ಅಷ್ಟೇ ಅಲ್ಲ ಸರ್. ಹಳೆಯ ರೇಡಿಯೋದಲ್ಲಿ ಡಿಟೆಕ್ಟರನ್ನು ತಲುಪುವ ಹೊತ್ತಿಗೆ ಫಿಲ್ಟರುಗಳು ಬೇಡವಾದ ಕೇಂದ್ರಗಳನ್ನೆಲ್ಲ ತೆಗೆದುಹಾಕಿರುತ್ತಿದ್ದವು, ಆದ್ದರಿಂದ ಎಜಿಸಿ ಅಳೆಯುತ್ತಿದ್ದುದು ಕೇಳುಗರಿಗೆ ಬೇಕಾದ ಕೇಂದ್ರದ ಬಲವನ್ನೇ. ಎಸ್‌ಡಿಆರ್‌ನ ಎಡಿಸಿ ಒಂದೇ ಏಟಿಗೆ 2.4 ಮೆಗಾಹರ್ಟ್ಸ್ ಅಗಲದ ಪಟ್ಟಿಯನ್ನು ನೋಡುತ್ತದೆ ಎಂದಿಟ್ಟುಕೊಳ್ಳಿ. ರಾತ್ರಿ 7.1 ಮೆಗಾಹರ್ಟ್ಸ್‌ನಲ್ಲಿ ಹವ್ಯಾಸಿಯೊಬ್ಬರ ಕ್ಷೀಣ ಮಾತನ್ನು ಕೇಳಬೇಕಾಗಿದೆ, 7.2ರಿಂದ ಮೇಲಕ್ಕೆ ದೊಡ್ಡ ಪ್ರಸಾರ ಕೇಂದ್ರಗಳು ಸಾಲುಗಟ್ಟಿ ನಿಂತಿವೆ, ಅವೂ ಅದೇ ಪಟ್ಟಿಯೊಳಗಿವೆ. ಎಡಿಸಿಯ ಬಳಿ ಕುಳಿತ ಎಜಿಸಿಗೆ ಕಾಣುವುದು ಒಟ್ಟು ಶಕ್ತಿ, ಎಂದರೆ ಪ್ರಸಾರ ಕೇಂದ್ರಗಳ ಶಕ್ತಿ. ಅವು ಏರಿದಾಗ ಅದು ಗೇನ್ ಇಳಿಸುತ್ತದೆ, ಹವ್ಯಾಸಿಯ ಮಾತು ಎಡಿಸಿಯ ಅತಿ ಸಣ್ಣ ಮೆಟ್ಟಿಲಿಗಿಂತ ಕೆಳಕ್ಕೆ ಕುಸಿದು ಮಾಯವಾಗುತ್ತದೆ. ಯಾರನ್ನು ಕೇಳಬೇಕೆಂದು ಗೊತ್ತಿಲ್ಲದವರ ಕೈಗೆ ನಿಯಂತ್ರಣ ಕೊಟ್ಟಂತಾಯಿತಲ್ಲವೇ?

ಅಧ್ಯಾಪಕರು: ಹಾಗೆಂದು ಗೇನನ್ನು ಕಟ್ಟಿಹಾಕಿದರೆ ಏನಾಗುತ್ತದೆ ಎಂಬುದನ್ನೂ ಹೇಳಿಬಿಡು. ಎಡಿಸಿ ಒಂದು ಕೊಳಗವಿದ್ದಂತೆ: ಅದರ ಕಂಠ ಮೀರಿ ಸುರಿದ ಕಾಳು ನೆಲಕ್ಕೆ ಚೆಲ್ಲುತ್ತದೆ, ಎಷ್ಟು ಚೆಲ್ಲಿತೆಂದು ಆಮೇಲೆ ಕೊಳಗವನ್ನು ನೋಡಿ ಹೇಳಲಾಗುವುದಿಲ್ಲ. ಅಲೆಯ ತುದಿ ಹೀಗೆ ಕತ್ತರಿಸಿಹೋಗುವುದನ್ನೇ ಕ್ಲಿಪ್ಪಿಂಗ್ ಎನ್ನುತ್ತಾರೆ. ಅಷ್ಟು ದೂರ ಹೋಗುವ ಮೊದಲೇ ಆಂಪ್ಲಿಫೈಯರ್ ಮತ್ತು ಮಿಕ್ಸರುಗಳು ಸರಳರೇಖೆ ಬಿಟ್ಟು ಬಾಗತೊಡಗುತ್ತವೆ. 7.25 ಮತ್ತು 7.35 ಮೆಗಾಹರ್ಟ್ಸ್‌ನ ಎರಡು ಪ್ರಬಲ ಕೇಂದ್ರಗಳು ಹಾಗೆ ಬಾಗಿದ ಹಂತದೊಳಗೆ ಬೆರೆತರೆ, ಮೊದಲನೆಯದರ ಎರಡರಷ್ಟರಲ್ಲಿ ಎರಡನೆಯದನ್ನು ಕಳೆದ ಆವೃತ್ತಿಯಲ್ಲಿ, ಎಂದರೆ ಸರಿಯಾಗಿ 7.15ರಲ್ಲಿ, ಒಂದು ಹುಸಿ ಸಂಕೇತ ಹುಟ್ಟುತ್ತದೆ. ಅಲ್ಲಿ ಯಾರೂ ಮಾತನಾಡುತ್ತಿಲ್ಲ, ಆದರೂ ಹವ್ಯಾಸಿಗಳ ಪಟ್ಟಿಯ ನಟ್ಟನಡುವೆ ಗದ್ದಲ ಎದ್ದಿರುತ್ತದೆ, ಅದನ್ನು ಯಾವ ಪ್ರೋಗ್ರಾಮೂ ನಿಜವಾದ ಸಂಕೇತದಿಂದ ಬೇರ್ಪಡಿಸಲಾರದು. ಮೂರನೆಯ ದರ್ಜೆಯ ಈ ಹುಸಿ ಸಂಕೇತದ ಗುಣವೆಂದರೆ, ಒಳಬರುವ ಕೇಂದ್ರಗಳು 1 ಡೆಸಿಬೆಲ್ ಏರಿದರೆ ಅದು 3 ಡೆಸಿಬೆಲ್ ಏರುತ್ತದೆ. ಅದೇ ಕಾರಣಕ್ಕೆ ಮುಂಭಾಗದಲ್ಲಿ 10 ಡೆಸಿಬೆಲ್ ತಗ್ಗಿಸಿದರೆ ಬೇಕಾದ ಸಂಕೇತ 10ರಷ್ಟು ಇಳಿಯುತ್ತದೆ, ಹುಸಿಯಾದದ್ದು 30ರಷ್ಟು ಇಳಿಯುತ್ತದೆ. ಗೇನ್ ಇಳಿಸುವುದರಿಂದ ಕೆಲವೊಮ್ಮೆ ಕ್ಷೀಣ ಸಂಕೇತವೇ ಮೇಲೆದ್ದು ಕಾಣುವುದು ಹೀಗೆ.

ಎಂಜಿನಿಯರ್: ಅದು ಒಳ್ಳೆಯ ಫಿಲ್ಟರ್ ಬೇಕೆಂಬುದಕ್ಕೆ ಪುರಾವೆಯೇ ಹೊರತು ಎಜಿಸಿ ಬೇಕೆಂಬುದಕ್ಕಲ್ಲ. ಕೊಳಗದ ಗಾತ್ರವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಆದರ್ಶ ಎಡಿಸಿಯೊಂದು ಅಳೆಯಬಲ್ಲ ಅತಿ ದೊಡ್ಡ ಸಂಕೇತಕ್ಕೂ ಅದರ ಸ್ವಂತ ಗದ್ದಲಕ್ಕೂ ಇರುವ ಅಂತರವು ಪ್ರತಿ ಬಿಟ್‌ಗೆ ಸುಮಾರು 6 ಡೆಸಿಬೆಲ್ ಬೆಳೆಯುತ್ತದೆ: 8 ಬಿಟ್‌ಗೆ 50, 12 ಬಿಟ್‌ಗೆ 74, 14 ಬಿಟ್‌ಗೆ 86, 16 ಬಿಟ್‌ಗೆ 98. ಅದರ ಮೇಲೆ ಪ್ರೋಗ್ರಾಮು 2.4 ಮೆಗಾಹರ್ಟ್ಸ್ ಪಟ್ಟಿಯಿಂದ ಮಾತಿಗೆ ಸಾಕಾಗುವ 2.4 ಕಿಲೋಹರ್ಟ್ಸ್‌ನಷ್ಟನ್ನು ಮಾತ್ರ ಸೋಸಿ ತೆಗೆದಾಗ ಗದ್ದಲದಲ್ಲಿ ಸಾವಿರದ ಒಂದು ಪಾಲಷ್ಟೇ ಉಳಿಯುತ್ತದೆ, ಎಂದರೆ ಇನ್ನೂ 30 ಡೆಸಿಬೆಲ್ ಲಾಭ. 14 ಬಿಟ್‌ನ ಎಡಿಸಿ ಹೀಗೆ 116 ಡೆಸಿಬೆಲ್‌ವರೆಗೆ ಕೈಚಾಚಬಲ್ಲದಾದರೆ, 100 ಡೆಸಿಬೆಲ್ ಅಂತರವನ್ನು ಗೇನ್ ಅಲುಗಾಡಿಸದೆಯೇ ನಿಭಾಯಿಸಬಹುದು.

ಅಧ್ಯಾಪಕರು: ಕಾಗದದ ಮೇಲೆ ಆ ಲೆಕ್ಕ ಸರಿ, ಆದರೆ ಅದರ ಹಿಂದೆ ಎರಡು ಷರತ್ತುಗಳಿವೆ. ನಿಜವಾದ ಎಡಿಸಿ ತನ್ನ ಹೆಸರಿನಷ್ಟು ಬಿಟ್‌ಗಳನ್ನು ಎಂದೂ ಪೂರ್ತಿಯಾಗಿ ಕೊಡುವುದಿಲ್ಲ ಎಂಬುದು ಮೊದಲನೆಯದು. ಸೋಸುವಿಕೆಯ ಲಾಭ ದಕ್ಕಬೇಕಾದರೆ ಆಂಟೆನಾದಿಂದ ಬರುವ ಗದ್ದಲವೇ ಎಡಿಸಿಯ ಕೊನೆಯ ಬಿಟ್‌ಗಳನ್ನು ಸದಾ ಅಲುಗಿಸುತ್ತಿರಬೇಕು ಎಂಬುದು ಎರಡನೆಯದು. ಆ ಗದ್ದಲ ಒಂದು ಮೆಟ್ಟಿಲಿಗಿಂತ ಬಹಳ ಕೆಳಗಿದ್ದರೆ ಕ್ಷೀಣ ಸಂಕೇತ ಅಂಕಿಗಳಲ್ಲಿ ಗುರುತನ್ನೇ ಬಿಡದೆ ಹೋಗಬಹುದು. 7 ಮೆಗಾಹರ್ಟ್ಸ್‌ನಲ್ಲಿ ವಾತಾವರಣದ ಗದ್ದಲ ರಿಸೀವರಿನ ಸ್ವಂತ ಗದ್ದಲಕ್ಕಿಂತ ಬಹಳ ಹೆಚ್ಚಾಗಿರುವುದರಿಂದ ಅಲ್ಪ ಗೇನ್ ಸಾಕು. ನೂರಾರು ಮೆಗಾಹರ್ಟ್ಸ್‌ಗೆ ಹೋದರೆ ಆಕಾಶ ಶಾಂತವಾಗುತ್ತದೆ. ಅಲ್ಲಿ ರಿಸೀವರಿನ ಗದ್ದಲವೇ ಮಿತಿ ಹಾಕುತ್ತದೆ, ಅದನ್ನು ಬಹುಪಾಲು ನಿರ್ಧರಿಸುವುದು ಮೊದಲ ಆಂಪ್ಲಿಫೈಯರ್ ಎಂದು ಹೆರಾಲ್ಡ್ ಫ್ರಿಸ್ 1944ರಲ್ಲಿಯೇ ಸೂತ್ರ ಬರೆದು ತೋರಿಸಿದ್ದಾರೆ. ಆದ್ದರಿಂದ ಸರಿಯಾದ ಗೇನ್ ಎಂಬುದು ಪಟ್ಟಿಗೊಂದು, ಆಂಟೆನಾಕ್ಕೊಂದು, ಹಗಲಿಗೊಂದು, ರಾತ್ರಿಗೊಂದು. ನೀನು ನಿಲ್ಲಿಸಿಟ್ಟ ಗೇನನ್ನು ಸಂಜೆ ಯಾರೋ ಬಂದು ತಿರುಗಿಸಲೇಬೇಕು. ಆಗ ಎಜಿಸಿಯ ಕೆಲಸವನ್ನು ಮನುಷ್ಯರ ಕೈ ಮಾಡುತ್ತದೆ, ಕೆಲಸವೇನೂ ತಪ್ಪುವುದಿಲ್ಲ.

ಎಂಜಿನಿಯರ್: ಆ ಕೆಲಸ ನಿಧಾನವಾಗಿ ನಡೆಯಬೇಕು ಎಂಬುದೇ ಇಲ್ಲಿಯ ವಾದ. ವಿಮಾನಗಳು 1090 ಮೆಗಾಹರ್ಟ್ಸ್‌ನಲ್ಲಿ ತಮ್ಮ ಸ್ಥಾನವನ್ನು ಸಾರುವ ಎಡಿಎಸ್-ಬಿ ಸಂದೇಶಗಳನ್ನು ನೋಡಿ. ಒಂದು ಪೂರ್ಣ ಸಂದೇಶದ ಆಯಸ್ಸು 120 ಮೈಕ್ರೋಸೆಕೆಂಡು. ಈಗ ತಲೆಯ ಮೇಲೆಯೇ ಹಾರುವ ವಿಮಾನದ ಸಂದೇಶ, ಮರುಕ್ಷಣ ಇನ್ನೂರು ಕಿಲೋಮೀಟರ್ ದೂರದ ವಿಮಾನದ ಸಂದೇಶ. ಮೊದಲನೆಯದನ್ನು ಕಂಡು ಗೇನ್ ಇಳಿಸಿದ ಎಜಿಸಿ ಮೆಲ್ಲಗೆ ಏರುವಷ್ಟರಲ್ಲಿ ಎರಡನೆಯದು ಬಂದು ಹೋಗಿರುತ್ತದೆ. ಸರಾಸರಿಯನ್ನು ಮಾತ್ರ ನೋಡುವ ಎಜಿಸಿಗೆ ಹೆಚ್ಚಿನ ಹೊತ್ತು ಮೌನವೇ ಕಾಣುವುದರಿಂದ ಅದು ಗೇನನ್ನು ಮೇಲಕ್ಕೇರಿಸಿ ಹತ್ತಿರದ ವಿಮಾನವನ್ನು ಕೆಡಿಸುತ್ತದೆ. ಇಲ್ಲಿ ಫಲ ಕೊಡುವುದು ಬೇರೆಯೇ ಕ್ರಮ: ಸಾಕಷ್ಟು ಹೊತ್ತು ಸಂದೇಶಗಳನ್ನು ಗಮನಿಸಿ, ಅತಿ ಪ್ರಬಲವಾಗಿ ಬಂದವುಗಳ ಪಾಲು ಎಷ್ಟು, ಗದ್ದಲದ ನೆಲ ಎಲ್ಲಿದೆ ಎಂದು ಲೆಕ್ಕಹಾಕಿ, ಒಂದು ಮೆಟ್ಟಿಲು ಮೇಲೆ ಅಥವಾ ಕೆಳಗೆ ಇಡುವುದು. ಅದೂ ತಾನಾಗಿಯೇ ನಡೆಯುತ್ತದೆ, ಆದರೆ ಅದು ಪ್ರತಿ ಅಲೆಗೂ ಬೆಚ್ಚಿಬೀಳುವುದಿಲ್ಲ.

ಅಧ್ಯಾಪಕರು: ಅದಕ್ಕೆ ನೇರ ವಿರುದ್ಧವಾದ ಉದಾಹರಣೆ ಪ್ರತಿ ಮನೆಯಲ್ಲೂ ಇದೆಯಲ್ಲ, ವೈಫೈ. 1999ರ 802.11ಎ ಮಾನಕದಲ್ಲಿ ಪ್ರತಿ ಪ್ಯಾಕೆಟ್ಟಿನ ತಲೆಯಲ್ಲಿ 0.8 ಮೈಕ್ರೋಸೆಕೆಂಡಿನ ಒಂದು ಚಿಕ್ಕ ವಿನ್ಯಾಸ ಹತ್ತು ಸಲ ಮರುಕಳಿಸುತ್ತದೆ. ಸಂಕೇತ ಬಂದಿದೆಯೆಂದು ಗುರುತಿಸುವುದು, ಗೇನ್ ಹೊಂದಿಸುವುದು, ಆಂಟೆನಾ ಆರಿಸುವುದು ಇವು ಮೊದಲ ಏಳರಲ್ಲಿ ಮುಗಿಯಬೇಕು. ಆವೃತ್ತಿಯ ಸ್ಥೂಲ ತಿದ್ದುಪಡಿ ಮತ್ತು ಕಾಲದ ಹೊಂದಾಣಿಕೆಗೆ ಕೊನೆಯ ಮೂರು. ಎಂದರೆ ಗೇನ್ 5.6 ಮೈಕ್ರೋಸೆಕೆಂಡಿನೊಳಗೆ ನೆಲೆಗೆ ನಿಲ್ಲಬೇಕು, ಆಮೇಲೆ ಪ್ಯಾಕೆಟ್ ಮುಗಿಯುವವರೆಗೆ ಅಲುಗಬಾರದು. ಹಲವು ಎಸ್‌ಡಿಆರ್ ಬೋರ್ಡುಗಳಲ್ಲಿರುವ ಎಡಿ9361 ಚಿಪ್ಪಿನಲ್ಲಿ ವೇಗದ ಎಜಿಸಿ, ನಿಧಾನದ ಎಜಿಸಿ, ಕೈಯಿಂದ ಇಡುವ ಗೇನ್ ಎಲ್ಲಕ್ಕೂ ಬೇರೆ ಬೇರೆ ಕ್ರಮಗಳಿರುವುದು ಸುಮ್ಮನೆ ಅಲ್ಲ. ಬೆಚ್ಚಿಬೀಳಲೇಬೇಕಾದ ಕಡೆಗಳೂ ಇವೆ.

ಎಂಜಿನಿಯರ್: ಆ ಮಾತು ನಿಜ, ಆದರೆ ಅಲ್ಲಿ ಮಾನಕವನ್ನು ಬರೆದವರೇ ಎಜಿಸಿಗೆಂದು ಸಮಯ ಕಾದಿರಿಸಿದ್ದಾರೆ. ಅಂಥ ಕಾದಿರಿಸಿದ ಹೊತ್ತು ಇಲ್ಲದ ಕಡೆಯೇ ತೊಂದರೆ. ಆಂಪ್ಲಿಟ್ಯೂಡ್ ಮಾಡ್ಯುಲೇಶನ್ನಿನಲ್ಲಿ ಮಾತು ಇರುವುದೇ ಅಲೆಯ ಪಾರದಲ್ಲಿ, ಎಂದರೆ ಅದರ ಎತ್ತರದ ಏರಿಳಿತದಲ್ಲಿ; 50 ಹರ್ಟ್ಸ್‌ನ ಮಂದ್ರ ಸ್ವರದ ಒಂದು ಸುತ್ತು 20 ಮಿಲಿಸೆಕೆಂಡು, ಎಜಿಸಿ ಅದಕ್ಕಿಂತ ಚುರುಕಾದರೆ ಆ ಸ್ವರವನ್ನೇ ಏರಿಳಿತವೆಂದು ಭಾವಿಸಿ ಚಪ್ಪಟೆ ಮಾಡಿಬಿಡುತ್ತದೆ. ಹವ್ಯಾಸಿಗಳು ಬಳಸುವ ಎಸ್‌ಎಸ್‌ಬಿ ವಿಧಾನದಲ್ಲಿ, ಎಂದರೆ ವಾಹಕ ಅಲೆಯನ್ನು ತೆಗೆದುಹಾಕಿ ಮಾತಿನ ಒಂದು ಪಕ್ಕವನ್ನಷ್ಟೇ ಕಳಿಸುವ ವಿಧಾನದಲ್ಲಿ, ಮಾತು ನಿಂತಾಗ ಅಳೆಯಲು ಏನೂ ಇರುವುದಿಲ್ಲ. ಎರಡು ಪದಗಳ ನಡುವಿನ ಮೌನದಲ್ಲಿ ಗೇನ್ ಮೇಲಕ್ಕೆ ಓಡಿ ಗದ್ದಲವನ್ನು ಉಕ್ಕಿಸುತ್ತದೆ, ಮುಂದಿನ ಪದ ಬಂದಾಗ ಕುಸಿಯುತ್ತದೆ.

ಅಧ್ಯಾಪಕರು: ಅದಕ್ಕೇ ಇಳಿಕೆಗೂ ಏರಿಕೆಗೂ ಬೇರೆ ಬೇರೆ ವೇಗ ಇಡುವುದು. ಸಂಕೇತ ಬಲಗೊಂಡರೆ ಗೇನ್ ಕೆಲವೇ ಮಿಲಿಸೆಕೆಂಡುಗಳಲ್ಲಿ ಇಳಿಯಬೇಕು. ಸಂಕೇತ ಬಿದ್ದರೆ ಮಾತ್ರ ಸ್ವಲ್ಪ ಹೊತ್ತು ಇದ್ದಲ್ಲೇ ಕಾದು, ಆಮೇಲೆ ಅರ್ಧ ಸೆಕೆಂಡಿನಿಂದ ಒಂದೆರಡು ಸೆಕೆಂಡುಗಳಷ್ಟು ಸಾವಕಾಶವಾಗಿ ಏರಬೇಕು. ಅದರಲ್ಲೂ ಒಂದು ಕೊರತೆ ಉಳಿಯುತ್ತದೆ: ಮುಂಗಾರಿಗೆ ಮೊದಲಿನ ಗುಡುಗಿನ ದಿನಗಳಲ್ಲಿ ಒಂದು ಮಿಂಚಿನ ಸಿಡಿತಕ್ಕೆ ಗೇನ್ ತಟ್ಟನೆ ಬಿದ್ದು, ಮರಳಿ ಏರುವಷ್ಟು ಹೊತ್ತು ರಿಸೀವರು ಕಿವುಡಾಗಿರುತ್ತದೆ. ಇದಕ್ಕೆ ಸರ್ಕ್ಯೂಟಿನಲ್ಲಿ ಸಿಕ್ಕಿದ ಪರಿಹಾರಗಳು ಅರೆಬರೆ. ನಿಮ್ಮ ಪ್ರೋಗ್ರಾಮುಗಳಲ್ಲಿ ಏನಿದೆ?

ಎಂಜಿನಿಯರ್: ಮುಂದಿನದನ್ನು ನೋಡುವ ಸೌಲಭ್ಯವಿದೆ. ಸಂಕೇತವನ್ನು ಮೆಮೊರಿಯಲ್ಲಿ ಹತ್ತಾರು ಮಿಲಿಸೆಕೆಂಡು ತಡೆಹಿಡಿದು, ತಡೆಯುವ ಮೊದಲಿನ ಪ್ರತಿಯಿಂದಲೇ ಬಲವನ್ನು ಅಳೆದರೆ, ಜೋರಾದ ಭಾಗ ಹೊರಗೆ ಬರುವ ಮೊದಲೇ ಗೇನ್ ನಯವಾಗಿ ಇಳಿದಿರುತ್ತದೆ. ಪದದ ಆರಂಭದಲ್ಲಿ ಕೇಳಿಬರುವ ಆ ಒರಟು ತಟ್ಟುವಿಕೆ ಇರುವುದಿಲ್ಲ. ಸಿಡಿತ ಮತ್ತು ಮಾತು ಎರಡಕ್ಕೂ ಬೇರೆ ಬೇರೆ ಅಳತೆಗಾರರನ್ನಿಟ್ಟು, ಕೆಲವೇ ಮಿಲಿಸೆಕೆಂಡು ಬಾಳುವ ಏರಿಕೆಗೆ ಗೇನ್ ಇಳಿದರೂ ಅಷ್ಟೇ ಬೇಗ ಮರಳುವಂತೆ ಮಾಡಬಹುದು. ಇಷ್ಟೆಲ್ಲ ಮಾಡಿದ ಮೇಲೂ ಮೂಲ ಅಂಕಿಗಳು ಹಾಗೆಯೇ ಇರುತ್ತವೆ, ಬೇಡವೆನಿಸಿದರೆ ಮತ್ತೆ ಮೊದಲಿನಿಂದ ಮಾಡಬಹುದು.

ಅಧ್ಯಾಪಕರು: ಇದು ದೊಡ್ಡ ಲಾಭ, ಒಪ್ಪಲೇಬೇಕು. ಆದರೆ ಪ್ರೋಗ್ರಾಮಿನ ಎಜಿಸಿ ಎಂದಕೂಡಲೇ ಅದು ಸರಿಯಾಗಿದೆ ಎಂದೇನಲ್ಲ. ಎಲ್ಲರೂ ಮೊದಲು ಬರೆಯುವ ಸರಳ ಸೂತ್ರವನ್ನು ನೋಡು: ಬೇಕಾದ ಮಟ್ಟದಿಂದ ಹೊರಬಂದ ಪಾರವನ್ನು ಕಳೆ, ಉಳಿದದ್ದನ್ನು ಒಂದು ಸಣ್ಣ ದರದಿಂದ ಗುಣಿಸು, ಅದನ್ನು ಗೇನಿಗೆ ಕೂಡಿಸು. ದರ 0.0001 ಎಂದೂ ಸೆಕೆಂಡಿಗೆ 48,000 ಸ್ಯಾಂಪಲ್, ಎಂದರೆ ಅಳೆದ ಅಂಕಿಗಳು, ಎಂದೂ ಇಟ್ಟುಕೋ. ಒಳಬರುವ ಪಾರ 1 ಆಗಿದ್ದರೆ ತಪ್ಪಿನ ಬಹುಪಾಲು ಅಳಿಯಲು 10,000 ಸ್ಯಾಂಪಲ್, ಎಂದರೆ ಸೆಕೆಂಡಿನ ಐದರಲ್ಲೊಂದು ಭಾಗ ಬೇಕು. ಪಾರ 0.01ಕ್ಕೆ ಇಳಿದರೆ ಅದೇ ಸೂತ್ರಕ್ಕೆ 10 ಲಕ್ಷ ಸ್ಯಾಂಪಲ್, ಎಂದರೆ ಸುಮಾರು 21 ಸೆಕೆಂಡು ಬೇಕಾಗುತ್ತದೆ. ದರವನ್ನು ಹೆಚ್ಚಿಸಿ ಇದನ್ನು ಸರಿಪಡಿಸ ಹೊರಟರೆ, ಪ್ರಬಲ ಸಂಕೇತ ಬಂದಾಗ ತಿದ್ದುಪಡಿ ಗುರಿ ದಾಟಿ ಆಚೆ ಹೋಗುತ್ತದೆ. ದರ ಮತ್ತು ಪಾರಗಳ ಗುಣಲಬ್ಧ 2ನ್ನು ಮೀರಿದರೆ ಗೇನ್ ನೆಲೆಗೆ ನಿಲ್ಲುವುದೇ ಇಲ್ಲ. ಕ್ಷೀಣ ಸಂಕೇತಕ್ಕೆ ಆಮೆ, ಪ್ರಬಲ ಸಂಕೇತಕ್ಕೆ ಹುಚ್ಚುಕುದುರೆ.

ಎಂಜಿನಿಯರ್: ಆ ದೋಷಕ್ಕೆ ಮದ್ದು ಲಾಗರಿದಮ್ಮಿನಲ್ಲಿದೆ. ಪಾರದ ಬದಲು ಅದರ ಲಾಗರಿದಮ್ಮನ್ನು ಹೋಲಿಸಿ, ತಪ್ಪನ್ನು ಡೆಸಿಬೆಲ್‌ಗಳಲ್ಲಿ ಅಳೆದು, ಗೇನನ್ನೂ ಡೆಸಿಬೆಲ್‌ಗಳಲ್ಲೇ ತಿದ್ದಿದರೆ, ಪ್ರತಿ ಹೆಜ್ಜೆಯಲ್ಲೂ ತಪ್ಪಿನ ಒಂದು ನಿಶ್ಚಿತ ಪಾಲು ಕಳೆಯುತ್ತದೆ. ಸಂಕೇತ ಕ್ಷೀಣವಾಗಿರಲಿ ಪ್ರಬಲವಾಗಿರಲಿ, ನೆಲೆಗೆ ನಿಲ್ಲಲು ಬೇಕಾದ ಹೊತ್ತು ಒಂದೇ.

ಅಧ್ಯಾಪಕರು: ನಿಯಂತ್ರಣ ವೋಲ್ಟೇಜಿಗೆ ತಕ್ಕಂತೆ ಡೆಸಿಬೆಲ್ ಲೆಕ್ಕದಲ್ಲಿ ನೇರವಾಗಿ ಬದಲಾಗುವ ಆಂಪ್ಲಿಫೈಯರುಗಳನ್ನು ಸರ್ಕ್ಯೂಟಿನವರು ಕಟ್ಟಿದ್ದೂ ಇದೇ ಕಾರಣಕ್ಕೆ, ಇಲ್ಲಿ ಎರಡು ದಾರಿಗಳೂ ಒಂದೇ ಊರಿಗೆ ಬಂದವು. ಇನ್ನೊಂದು ತೊಡಕು ಮಾತ್ರ ಪ್ರೋಗ್ರಾಮಿನದೇ. ಕಂಪ್ಯೂಟರಿನಲ್ಲಿ ಕುಳಿತ ಪ್ರೋಗ್ರಾಮು ಎಡಿಸಿಯ ಮುಂದಿನ ಗೇನನ್ನು ತಾನೇ ತಿದ್ದಲು ಹೊರಟರೆ, ಸ್ಯಾಂಪಲುಗಳು ಯುಎಸ್‌ಬಿ ದಾಟಿ, ಬಫರುಗಳಲ್ಲಿ ಸರದಿ ಕಾದು ಅದನ್ನು ತಲುಪುವಷ್ಟರಲ್ಲಿ ಹಲವು ಮಿಲಿಸೆಕೆಂಡು ಕಳೆದಿರುತ್ತದೆ. ಅದು ಕೊಟ್ಟ ಆಜ್ಞೆಯ ಫಲ ಕಾಣಿಸುವುದೂ ಅಷ್ಟೇ ತಡವಾಗಿ. ತಡವಾದ ಹಿಮ್ಮಾಹಿತಿಯ ಮೇಲೆ ಚುರುಕಾಗಿ ತಿದ್ದುವ ಲೂಪ್ ತೂಗಾಡತೊಡಗುತ್ತದೆ: ಈಗಾಗಲೇ ಇಳಿಸಿದ್ದು ಗೊತ್ತಾಗದೆ ಮತ್ತೆ ಇಳಿಸುತ್ತದೆ, ಅತಿಯಾಯಿತೆಂದು ಮತ್ತೆ ಏರಿಸುತ್ತದೆ. ಎಡಿಸಿಯನ್ನು ಕಾಯುವ ಲೂಪ್ ಅದರ ಪಕ್ಕದಲ್ಲೇ, ಚಿಪ್ಪಿನೊಳಗೆ ಅಥವಾ ಎಫ್‌ಪಿಜಿಎಯಲ್ಲಿ, ಎಂದರೆ ಒಳಗಿನ ಸರ್ಕ್ಯೂಟನ್ನು ಬೇಕಾದಂತೆ ಜೋಡಿಸಿಕೊಳ್ಳಬಹುದಾದ ಚಿಪ್ಪಿನಲ್ಲಿ, ಇರಬೇಕೆನ್ನುವುದು ಇದಕ್ಕೆ.

ಎಂಜಿನಿಯರ್: ಇರಲಿ, ಆದರೆ ಅದರ ಅಧಿಕಾರಕ್ಕೆ ಮಿತಿ ಬೇಕು. ಎಡಿಸಿ ಅಳೆಯಬಲ್ಲ ಗರಿಷ್ಠಕ್ಕಿಂತ 3 ಡೆಸಿಬೆಲ್ ಕೆಳಗಿನವರೆಗೆ ತುದಿಗಳು ಬಂದಾಗ ಮಾತ್ರ ಒಂದು ಮೆಟ್ಟಿಲು ಇಳಿಯಲಿ. 15 ಡೆಸಿಬೆಲ್ ಕೆಳಗೆಯೇ ಒಂದು ಪೂರ್ಣ ಸೆಕೆಂಡು ಉಳಿದರೆ ಮಾತ್ರ ಒಂದು ಮೆಟ್ಟಿಲು ಏರಲಿ. ನಡುವಿನ ಜಾಗದಲ್ಲಿ ಕೈಕಟ್ಟಿ ಕೂರಲಿ. ಅಳೆಯುವಾಗ ಸರಾಸರಿಯನ್ನೂ ತುದಿಯನ್ನೂ ಒಂದೇ ಎಂದು ಎಣಿಸದಿರಲಿ, ಏಕೆಂದರೆ ಅನೇಕ ಉಪವಾಹಕಗಳನ್ನು ಒಟ್ಟಿಗೆ ಕಳಿಸುವ ಒಎಫ್‌ಡಿಎಂ ಸಂಕೇತಗಳಲ್ಲಿ ತುದಿಗಳು ಸರಾಸರಿಗಿಂತ 10-12 ಡೆಸಿಬೆಲ್ ಮೇಲಕ್ಕೆ ಚಿಮ್ಮುತ್ತವೆ. ಎಲ್ಲಕ್ಕಿಂತ ಮುಖ್ಯವಾಗಿ, ಪ್ರತಿ ಮೆಟ್ಟಿಲಿನ ಬದಲಾವಣೆಯೂ ಯಾವ ಸ್ಯಾಂಪಲಿನಲ್ಲಿ ಆಯಿತು ಎಂಬ ದಾಖಲೆ ಅಂಕಿಗಳ ಜೊತೆಗೇ ಬರಲಿ.

ಅಧ್ಯಾಪಕರು: ದಾಖಲೆಗೆ ಅಷ್ಟು ಒತ್ತು ಏಕೆ?

ಎಂಜಿನಿಯರ್: ದಾಖಲೆಯಿಲ್ಲದ ಎಜಿಸಿ ಅಳತೆಗೋಲನ್ನೇ ಗುಟ್ಟಾಗಿ ಹಿಗ್ಗಿಸಿ ಕುಗ್ಗಿಸುತ್ತದೆ. ಬೆಂಗಳೂರಿನ ಉತ್ತರಕ್ಕಿರುವ ಗೌರಿಬಿದನೂರಿನ ವೀಕ್ಷಣಾಲಯದಲ್ಲಿ ಸೂರ್ಯನಿಂದ ಬರುವ ಕಡಿಮೆ ಆವೃತ್ತಿಯ ರೇಡಿಯೋ ಅಲೆಗಳನ್ನು ದಶಕಗಳಿಂದ ಅಳೆಯಲಾಗುತ್ತಿದೆ. ಅಂಥ ಕೆಲಸದಲ್ಲಿ ಸಂಕೇತದ ಬಲವೇ ಸುದ್ದಿ. ಸೂರ್ಯನಲ್ಲಿ ಸ್ಫೋಟವಾಗಿ ರೇಡಿಯೋ ಶಕ್ತಿ ನೂರು ಪಟ್ಟು ಏರಿದಾಗ ಎಜಿಸಿ ಗೇನನ್ನು ನೂರರಲ್ಲೊಂದು ಪಾಲಿಗೆ ಇಳಿಸಿ ಎಲ್ಲವನ್ನೂ ಸಮ ಮಾಡಿಬಿಟ್ಟರೆ, ದಾಖಲೆಯಲ್ಲಿ ಆ ದಿನ ಸೂರ್ಯ ಸುಮ್ಮನಿದ್ದಂತೆ ಕಾಣುತ್ತದೆ.

ಅಧ್ಯಾಪಕರು: ಅದೇ ಸ್ಫೋಟ ಎಡಿಸಿಯ ಕಂಠ ಮೀರಿದರೆ ಸ್ಥಿರ ಗೇನಿನ ದಾಖಲೆಯಲ್ಲೂ ಅದರ ನೆತ್ತಿ ಕತ್ತರಿಸಿರುತ್ತದೆ, ಎಷ್ಟು ಎತ್ತರಕ್ಕೆ ಹೋಗಿತ್ತೆಂದು ತಿಳಿಯುವುದಿಲ್ಲ. ಬೆಲೆ ಗೊತ್ತಿರುವ ಮೆಟ್ಟಿಲುಗಳಲ್ಲಿ ಗೇನ್ ಇಳಿಸಿ ಬರೆದಿಟ್ಟುಕೊಳ್ಳುವುದೇ ಮೇಲು. ಅಲ್ಲದೆ, ಎಜಿಸಿ ಮಾಹಿತಿಯನ್ನು ಅಳಿಸುತ್ತದೆ ಎಂಬ ಮಾತಿಗೆ ಇನ್ನೊಂದು ಮುಖವಿದೆ, ಜಿಪಿಎಸ್ ನೋಡು. ಉಪಗ್ರಹದಿಂದ ನೆಲಕ್ಕೆ ಬರುವ ಆ ಸಂಕೇತ ಒಂದು ಮಿಲಿವ್ಯಾಟಿಗಿಂತ ಸುಮಾರು 130 ಡೆಸಿಬೆಲ್ ಕೆಳಗಿರುತ್ತದೆ. 2 ಮೆಗಾಹರ್ಟ್ಸ್ ಪಟ್ಟಿಯಲ್ಲಿ ಉಷ್ಣದ ಗದ್ದಲವೇ 111 ಡೆಸಿಬೆಲ್ ಕೆಳಗಿನ ಮಟ್ಟದಲ್ಲಿರುವುದರಿಂದ ಸಂಕೇತ ಗದ್ದಲದೊಳಗೆ ಹೂತುಹೋಗಿರುತ್ತದೆ. ಅಲ್ಲಿ ಎಜಿಸಿ ಹೊಂದಿಸುವುದು ಗದ್ದಲದ ಮಟ್ಟವನ್ನು. ಗದ್ದಲ ಸಾಮಾನ್ಯವಾಗಿ ಸ್ಥಿರವಾದ್ದರಿಂದ ಎಜಿಸಿಯೂ ಸ್ಥಿರವಾಗಿರುತ್ತದೆ. ಯಾರಾದರೂ ಹತ್ತಿರದಲ್ಲಿ ಅಡ್ಡಿಪಡಿಸುವ ಟ್ರಾನ್ಸ್‌ಮಿಟರ್ ಹಚ್ಚಿದರೆ ಗೇನ್ ಥಟ್ಟನೆ ಕುಸಿಯುತ್ತದೆ. ಎಜಿಸಿಯ ಆ ಒಂದು ಅಂಕಿಯೇ ಎಚ್ಚರಿಕೆಯ ಗಂಟೆ. ಅಳಿಸಿತೆಂದು ನೀನು ದೂರುವ ಮಾಹಿತಿಯೆಲ್ಲ ನಿಯಂತ್ರಣದ ವೋಲ್ಟೇಜಿನಲ್ಲೇ ಕುಳಿತಿದೆ, ಓದಿಕೊಳ್ಳಬೇಕಷ್ಟೆ.

ಎಂಜಿನಿಯರ್: ಓದಿಕೊಂಡರೆ ಎಂಬ ಷರತ್ತಿನೊಡನೆ ಅದು ದಾಖಲೆಯ ಪರವಾದ ವಾದವೇ ಆಯಿತು.

ಅಧ್ಯಾಪಕರು: ಹೌದು, ಜೊತೆಗೆ ಬಿಟ್‌ಗಳ ವಿರುದ್ಧದ ವಾದವೂ ಆಯಿತು. ಗದ್ದಲದಲ್ಲಿ ಹೂತ ಅಂಥ ಸಂಕೇತಕ್ಕೆ ಒಂದೇ ಬಿಟ್ ಬಳಸಿದರೆ ನಷ್ಟ ಸುಮಾರು 2 ಡೆಸಿಬೆಲ್, ಎರಡು ಬಿಟ್ ಬಳಸಿದರೆ ಅರ್ಧ ಡೆಸಿಬೆಲ್ಲಿನ ಆಸುಪಾಸು, ಅದೂ ಎಜಿಸಿ ಮಟ್ಟವನ್ನು ಸರಿಯಾಗಿ ಹಿಡಿದಿಟ್ಟಾಗ. ಉಷ್ಣದ ಗದ್ದಲವೇ ಮಿತಿ ಹಾಕುವ ಎಡಿಸಿಯಲ್ಲಿ ಒಂದೊಂದು ಬಿಟ್ ಹೆಚ್ಚಿಸಲೂ ವಿದ್ಯುತ್ತಿನ ಖರ್ಚು ಸರಿಸುಮಾರು ನಾಲ್ಕು ಪಟ್ಟಾಗುತ್ತದೆ. ಸಣ್ಣ ಬ್ಯಾಟರಿಯ ಮೇಲೆ ದಿನಗಟ್ಟಲೆ ಬದುಕಬೇಕಾದ ಸಾಧನಕ್ಕೆ 16 ಬಿಟ್‌ಗಳ ಸಲಹೆ ಕೊಡಲಾಗುವುದಿಲ್ಲ. ಕಡಿಮೆ ಬಿಟ್ ಮತ್ತು ಒಳ್ಳೆಯ ಎಜಿಸಿ, ಇದೇ ಅಲ್ಲಿಯ ದಾರಿ.

ಎಂಜಿನಿಯರ್: ಬ್ಯಾಟರಿಯ ಮಾತಿಗೆ ಎದುರಾಡುವಂತಿಲ್ಲ. ಆದರೆ ವಿದ್ಯುತ್ತಿಗೆ ಕೊರತೆಯಿಲ್ಲದ ಕಡೆ ಇನ್ನೊಂದು ಏರ್ಪಾಡು ಸಾಧ್ಯ: ಮುಂಭಾಗದಲ್ಲಿ 6 ಡೆಸಿಬೆಲ್ ಇಳಿಸಿದ ಸ್ಯಾಂಪಲಿನಿಂದಲೇ ಪ್ರೋಗ್ರಾಮು 6 ಡೆಸಿಬೆಲ್ ಏರಿಸಿಬಿಟ್ಟರೆ ಹೊರಗಿನವರಿಗೆ ಗೇನ್ ಬದಲಾದದ್ದೇ ತಿಳಿಯುವುದಿಲ್ಲ, ಎಡಿಸಿಯೂ ಉಳಿಯುತ್ತದೆ, ಅಳತೆಯೂ ಉಳಿಯುತ್ತದೆ.

ಅಧ್ಯಾಪಕರು: ಪಾರ ಉಳಿಯುತ್ತದೆ, ಹಂತ ಉಳಿಯುತ್ತದೆಯೇ? ಗೇನಿನ ಮೆಟ್ಟಿಲು ಬದಲಾದಾಗ ಸರ್ಕ್ಯೂಟಿನೊಳಗಿನ ದಾರಿಯೇ ಬದಲಾಗುವುದರಿಂದ ಅಲೆಯ ಹಂತ, ಎಂದರೆ ಅದು ತನ್ನ ಸುತ್ತಿನಲ್ಲಿ ಎಲ್ಲಿದೆ ಎಂಬುದು, ತುಸು ಜಿಗಿಯುತ್ತದೆ. ಬದಲಾವಣೆಯ ಕ್ಷಣದಲ್ಲಿ ಒಂದು ಸಣ್ಣ ಕಲಕಾಟವೂ ಏಳುತ್ತದೆ. ಐದು ಆಂಟೆನಾಗಳ ಹಂತಗಳನ್ನು ಹೋಲಿಸಿ ಸಂಕೇತ ಬಂದ ದಿಕ್ಕನ್ನು ಕಂಡುಹಿಡಿಯುವ ಎಸ್‌ಡಿಆರ್‌ನಲ್ಲಿ ಒಂದು ದಾರಿಯ ಗೇನ್ ಮಾತ್ರ ಬದಲಾದರೆ ದಿಕ್ಕೇ ತಪ್ಪಾಗಿ ಬರುತ್ತದೆ.

ಎಂಜಿನಿಯರ್: ಪ್ರತಿ ಮೆಟ್ಟಿಲಿನ ಹಂತದ ಜಿಗಿತವನ್ನು ಮೊದಲೇ ಅಳೆದು ಪಟ್ಟಿ ಮಾಡಿಟ್ಟರೆ ಅದನ್ನೂ ಸರಿದೂಗಿಸಬಹುದು.

ಅಧ್ಯಾಪಕರು: ಆ ಪಟ್ಟಿ ತಾಪಮಾನಕ್ಕೂ ಆವೃತ್ತಿಗೂ ತಕ್ಕಂತೆ ಜರುಗುತ್ತದೆ. ಅದನ್ನು ಆಗಾಗ ಹೊಸದಾಗಿ ಅಳೆಯುವವರು ಬೇಕು. ದಿಕ್ಕು ನೋಡುವ ಕೆಲಸಕ್ಕಾದರೆ ಗೇನನ್ನು ಸ್ಥಿರವಾಗಿಡು ಎಂಬ ನಿನ್ನ ಮೊದಲ ಮಾತೇ ಸರಿಹೋಗುತ್ತದೆ.

ಎಂಜಿನಿಯರ್: ಹಾಗಾದರೆ ಒಂದು ಹೊಸ ರಿಸೀವರನ್ನು ಪೆಟ್ಟಿಗೆಯಿಂದ ತೆಗೆದು ಮೊದಲ ಸಲ ಹಚ್ಚಿದಾಗ ಎಜಿಸಿ ಓಡುತ್ತಿರಬೇಕೇ, ಆರಿಸಿರಬೇಕೇ? ಆರಿಸಿರಬೇಕು ಎಂಬುದಕ್ಕೆ ಒಂದು ಕಾರಣವಿದೆ. ಕಲಿಯುವವರು ಗೇನನ್ನು ತಮ್ಮ ಕೈಯಿಂದಲೇ ಮೆಟ್ಟಿಲು ಮೆಟ್ಟಿಲಾಗಿ ಏರಿಸಿ, ಆಂಟೆನಾ ಜೋಡಿಸಿದಾಗ ಗದ್ದಲದ ನೆಲ ಎಲ್ಲಿಂದ ಮೇಲೇಳುತ್ತದೆ, ಹುಸಿ ಸಂಕೇತಗಳು ಎಲ್ಲಿಂದ ಹುಟ್ಟತೊಡಗುತ್ತವೆ ಎಂದು ಪರದೆಯ ಮೇಲೆ ನೋಡಬೇಕು. ಆ ಎರಡು ಬಿಂದುಗಳ ನಡುವೆಯೇ ಸರಿಯಾದ ಗೇನ್ ಇರುತ್ತದೆ. ಎಜಿಸಿ ಆ ಪಾಠವನ್ನು ಮುಚ್ಚಿಡುತ್ತದೆ.

ಅಧ್ಯಾಪಕರು: ಕಲಿಯಲು ಕೂತವರಿಗೆ ಆ ಮಾತು ಸರಿಯಮ್ಮ, ಆದರೆ ರಿಸೀವರು ಕೊಳ್ಳುವವರೆಲ್ಲ ಕಲಿಯಲು ಕೂತವರಲ್ಲ. ಚಂಡಮಾರುತದ ಮುನ್ನೆಚ್ಚರಿಕೆ ಕೇಳಬೇಕಾದ ಮೀನುಗಾರರಿಗೆ, ದೋಣಿ ದಡಕ್ಕೆ ಹತ್ತಿರವಾಗಲಿ ದೂರವಾಗಲಿ, ಗುಂಡಿ ಮುಟ್ಟದೆಯೇ ಮಾತು ಕೇಳಿಸಬೇಕು. ಗೇನ್ ಕೈಯಿಂದಿಡುವ ರಿಸೀವರು ತಪ್ಪಾಗಿ ನಿಂತಿದ್ದರೆ ಅಲ್ಲಿ ಕಳೆದುಹೋಗುವುದು ಅಳತೆಯ ನಿಖರತೆಯಷ್ಟೇ ಅಲ್ಲ. ಹಚ್ಚಿದ ಕೂಡಲೇ ಎಜಿಸಿ ಓಡಬೇಕು, ಬೇಡವಾದವರು ಆರಿಸಿಕೊಳ್ಳಲಿ.

ಈ ಕೊನೆಯ ಪ್ರಶ್ನೆಯಲ್ಲಿ ಇಬ್ಬರೂ ತಮ್ಮ ನಿಲುವನ್ನು ಬಿಡಲಿಲ್ಲ, ಬಿಡಬೇಕಾದ ಕಾರಣವೂ ಕಾಣುವುದಿಲ್ಲ. ಆದರೆ ವಾದ ಸಾಗಿದಂತೆ ಒಂದು ತಿಳಿವಳಿಕೆ ಇಬ್ಬರ ಮಾತಿನಲ್ಲೂ ಗಟ್ಟಿಯಾಯಿತು: ಎಜಿಸಿಯ ವಿನ್ಯಾಸವೆಂದರೆ ಸಂಕೇತದ ಯಾವ ಏರಿಳಿತ ಸುದ್ದಿ, ಯಾವುದು ತೊಂದರೆ ಎಂದು ಮೊದಲೇ ಮಾಡಿಕೊಳ್ಳುವ ತೀರ್ಮಾನ. ಮಾತು ಕೇಳುವವರಿಗೆ ಅಯಾನುಗೋಳದ ಏರಿಳಿತ ತೊಂದರೆ, ಅಯಾನುಗೋಳವನ್ನು ಅಧ್ಯಯನ ಮಾಡುವವರಿಗೆ ಅದೇ ಸುದ್ದಿ. ಎಡಿಸಿಯನ್ನು ಕಾಯುವ ಲೂಪಿಗೆ ತುದಿಗಳಷ್ಟೇ ಮುಖ್ಯ, ಕಿವಿಗೆ ದುಡಿಯುವ ಲೂಪಿಗೆ ಪದಗಳ ನಡುವಿನ ಮೌನವೂ ಮುಖ್ಯ. ಈ ಎರಡು ಲೂಪುಗಳನ್ನು ಬೇರೆ ಬೇರೆ ಇಟ್ಟು, ಮೊದಲನೆಯದನ್ನು ಎಡಿಸಿಯ ಪಕ್ಕದಲ್ಲೂ ಎರಡನೆಯದನ್ನು ಫಿಲ್ಟರಿನ ನಂತರ ಪ್ರೋಗ್ರಾಮಿನಲ್ಲೂ ಕೂರಿಸಿ, ಎರಡೂ ಮಾಡಿದ್ದನ್ನು ಬರೆದಿಡುವ ವಿನ್ಯಾಸದಲ್ಲಿ ಅಧ್ಯಾಪಕರ ಎಚ್ಚರಿಕೆಗೂ ಎಂಜಿನಿಯರಳ ಪ್ರಾಮಾಣಿಕತೆಯ ಒತ್ತಾಯಕ್ಕೂ ಜಾಗವಿದೆ. ಯಾವ ಲೂಪಿಗೆ ಎಷ್ಟು ಅಧಿಕಾರ ಕೊಡಬೇಕೆಂಬುದನ್ನು ರಿಸೀವರು ಯಾರಿಗಾಗಿ, ಯಾವ ಕೆಲಸಕ್ಕಾಗಿ ಎಂಬ ಪ್ರಶ್ನೆಯೇ ಹೇಳಬೇಕು. ಅದನ್ನು ಕೇಳದೆ ದರ, ಕಾಲ, ಮಿತಿಗಳ ಅಂಕಿಗಳನ್ನು ತುಂಬಿದ ಎಜಿಸಿ ಎಷ್ಟೇ ಚುರುಕಾಗಿದ್ದರೂ ಯಾವುದೋ ಒಂದು ಸಂಕೇತಕ್ಕೆ ಅನ್ಯಾಯ ಮಾಡಿಯೇ ತೀರುತ್ತದೆ.